ಮುಳವಾಡದಿಂದ ಯಲ್ಲಮ್ಮನ ಗುಡ್ಡಕ್ಕೆ: ಬೈಕ್ ಮೇಲೆ ಬರುವ ಭಕ್ತರಿಗೆ ಹಿತವಚನ

॥ ಶ್ರೀ ರೇಣುಕಾ ಯಲ್ಲಮ್ಮ ದೇವಿ ಪ್ರಸನ್ನ ॥

ಒಂದು ಕಾಲವಿತ್ತು. ಬನದ ಹುಣ್ಣಿಮೆ, ಭರತ ಹುಣ್ಣಿಮೆ ಹತ್ತಿರ ಬಂತೆಂದರೆ ಬಸವನ ಬಾಗೇವಾಡಿ, ಇಂಡಿ, ಸಿಂದಗಿ, ಮುದ್ದೇಬಿಹಾಳ ಸೀಮೆಯ ಹಳ್ಳಿಗಳಿಂದ ಚಕ್ಕಡಿಗಳು ಸಾಲುಗಟ್ಟಿ ಸವದತ್ತಿಯ ದಾರಿ ಹಿಡಿಯುತ್ತಿದ್ದವು. ಎತ್ತುಗಳ ಕೊಂಬಿಗೆ ಬಣ್ಣ, ಕೊರಳಿಗೆ ಗೆಜ್ಜೆ. ಬಂಡಿಯೊಳಗೆ ಕಡಕ ರೊಟ್ಟಿ, ಶೇಂಗಾ ಚಟ್ನಿಯ ಬುತ್ತಿ. ಹೋಗಲು ಕೆಲವು ದಿನ, ಬರಲು ಕೆಲವು ದಿನ. ಕತ್ತಲಾದರೆ ಚಕ್ಕಡಿಯ ಕೆಳಗೆ ಕಂದೀಲು ತೂಗುಬಿಡುತ್ತಿದ್ದರು, ಹಿಂದೆ ಬರುವವನಿಗೆ ಮುಂದೆ ಬಂಡಿ ಇದೆಯೆಂದು ತಿಳಿಯಲಿ ಎಂದು. ಎತ್ತು ದಣಿದರೆ ಬಂಡಿ ನಿಲ್ಲುತ್ತಿತ್ತು. ಅವಸರವೆಂಬುದು ಆ ಯಾತ್ರೆಯಲ್ಲಿ ಇರಲಿಲ್ಲ.

ಈಗ ಕಾಲ ಬದಲಾಗಿದೆ. ಮುಳವಾಡದ ಹುಡುಗ ಬೆಳಿಗ್ಗೆ ಚಹಾ ಕುಡಿದು ಬೈಕ್ ಏರಿದರೆ ಮಧ್ಯಾಹ್ನದ ಹೊತ್ತಿಗೆ ತಾಯಿಯ ಗುಡ್ಡದಲ್ಲಿರುತ್ತಾನೆ. ನೂರೈವತ್ತು ಕಿಲೋಮೀಟರಿನ ಆಸುಪಾಸಿನ ದಾರಿ. ಇದು ತಪ್ಪೇನೂ ಅಲ್ಲ. ತಾಯಿಯ ದರ್ಶನಕ್ಕೆ ಕಾಲ್ನಡಿಗೆಯಲ್ಲಿ ಬಂದವನೂ ಮಗನೇ, ಚಕ್ಕಡಿಯಲ್ಲಿ ಬಂದವನೂ ಮಗನೇ, ಬೈಕಿನಲ್ಲಿ ಬಂದವನೂ ಮಗನೇ. ಆದರೆ ತಾಯಿಗೆ ಬೇಕಾದದ್ದು ಒಂದೇ. ಮಗ ಹೇಗೆ ಬಂದನೋ ಹಾಗೆಯೇ ಸುಖವಾಗಿ ಮನೆ ಮುಟ್ಟಬೇಕು.

ಈ ಮಾತನ್ನು ತಾಯಿಯ ಚರಿತ್ರೆಯಿಂದಲೇ ತಿಳಿದುಕೊಳ್ಳುವುದು ಉತ್ತಮ. ರೇಣುಕಾದೇವಿಯ ಕಥೆಯಲ್ಲಿ ಮೂರು ಪ್ರಸಂಗಗಳಿವೆ. ಒಂದು ಕೊಡದ್ದು, ಒಂದು ಶಿರಸ್ಸಿನದು, ಒಂದು ಕಂಕಣದ್ದು. ದಾರಿಯಲ್ಲಿ ಸಾಗುವವನಿಗೆ ಮೂರರಲ್ಲೂ ಪಾಠವಿದೆ.

ಮೊದಲನೆಯದು: ಮರಳಿನ ಕೊಡ

ರೇಣುಕಾದೇವಿಯು ಪ್ರತಿನಿತ್ಯ ನಸುಕಿನಲ್ಲಿ ಎದ್ದು ಮಲಪ್ರಭೆಗೆ ಹೋಗಿ, ದಂಡೆಯ ಹಸಿ ಮರಳಿನಿಂದಲೇ ಕೊಡ ಮಾಡಿ, ಹಾವನ್ನು ಸಿಂಬಿಯಾಗಿ ಸುತ್ತಿ ತಲೆಯ ಮೇಲಿಟ್ಟುಕೊಂಡು, ಜಮದಗ್ನಿ ಋಷಿಗಳ ಪೂಜೆಗೆ ನೀರು ತರುತ್ತಿದ್ದಳೆಂದು ಎಲ್ಲರಿಗೂ ಗೊತ್ತು. ಸುಡದ ಮರಳು ನೀರು ಹಿಡಿದಿದ್ದು ಹೇಗೆ? ಆಕೆಯ ಮನಸ್ಸು ಒಂದೇ ಕಡೆ ನಿಂತಿತ್ತು, ಅದರ ಬಲದಿಂದ. ಒಂದು ದಿನ ನದಿಯಲ್ಲಿ ಗಂಧರ್ವರು ಜಲಕ್ರೀಡೆಯಾಡುವುದನ್ನು ಕಂಡು ಆಕೆಯ ಚಿತ್ತ ಒಂದು ಕ್ಷಣ ಅತ್ತ ಹರಿಯಿತು. ಅಷ್ಟೇ. ಕೊಡ ನಿಲ್ಲಲಿಲ್ಲ, ಸಿಂಬಿ ಸರಿದುಹೋಯಿತು.

ಬೈಕ್ ಎಂಬುದೂ ಮರಳಿನ ಕೊಡವೇ. ಕಾರು ನಿಂತಾಗಲೂ ನಾಲ್ಕು ಗಾಲಿಯ ಮೇಲೆ ನಿಲ್ಲುತ್ತದೆ. ಬೈಕ್ ತಾನಾಗಿ ನಿಲ್ಲುವುದಿಲ್ಲ. ಸವಾರನ ಲಕ್ಷ್ಯವೇ ಅದನ್ನು ಹಿಡಿದಿರುತ್ತದೆ. ಗಂಟೆಗೆ 60 ಕಿಲೋಮೀಟರ್ ವೇಗದಲ್ಲಿ ಹೋಗುವ ಬೈಕ್ ಒಂದು ಸೆಕೆಂಡಿಗೆ ಸುಮಾರು 17 ಮೀಟರ್ ಸಾಗುತ್ತದೆ. ಕಿಸೆಯಲ್ಲಿ ಮೊಬೈಲ್ ಬಾರಿಸಿತೆಂದು ಮೂರು ಸೆಕೆಂಡು ಕೆಳಗೆ ನೋಡಿದರೆ 50 ಮೀಟರ್ ದಾರಿಯನ್ನು ಕಣ್ಣು ಮುಚ್ಚಿಕೊಂಡು ದಾಟಿದ ಹಾಗೆ. ಯಾರಾದರೂ ಕಣ್ಣಿಗೆ ಪಟ್ಟಿ ಕಟ್ಟಿ ಬೈಕ್ ಹೊಡಿ ಎಂದರೆ ಹೊಡೆಯುವವರುಂಟೇ? ಮೊಬೈಲ್ ಹಿಡಿದು ಹೊಡೆಯುವವನು ಅದನ್ನೇ ಮಾಡುತ್ತಿದ್ದಾನೆ.

ಹಾಗಾದರೆ ದಾರಿಯ ಚೆಲುವನ್ನು ನೋಡಲೇಬಾರದೇ ಎಂದು ಕೇಳಬಹುದು. ನೋಡಲೇಬೇಕು. ತಾಯಿಯ ಕಡೆ ಬರುವ ಈ ದಾರಿಯಷ್ಟು ಚೆಂದದ ದಾರಿ ಬಯಲುಸೀಮೆಯಲ್ಲಿ ಕಡಿಮೆ. ಮುಳವಾಡ ಬಿಟ್ಟು ಕೋಲ್ಹಾರ ದಾಟಿದರೆ ಕೃಷ್ಣೆಯ ಮೇಲೆ ಸುಮಾರು 3 ಕಿಲೋಮೀಟರ್ ಉದ್ದದ ಸೇತುವೆ. 1964ರಲ್ಲಿ ಲಾಲ್ ಬಹಾದ್ದೂರ್ ಶಾಸ್ತ್ರಿಯವರು ಅಡಿಗಲ್ಲು ಇಟ್ಟ ಆಲಮಟ್ಟಿ ಆಣೆಕಟ್ಟಿನ ಹಿನ್ನೀರು ಇಲ್ಲಿಯವರೆಗೆ ಹರಡಿದೆ. ಮಳೆಗಾಲ ಮುಗಿದ ಮೇಲೆ ಎರಡೂ ಕಡೆ ಸಮುದ್ರದಂತೆ ನೀರು. ಮುಂದೆ ಬೀಳಗಿ ಕ್ರಾಸ್, ಅನಗವಾಡಿಯಲ್ಲಿ ಘಟಪ್ರಭೆ, ಗದ್ದನಕೇರಿ, ಕಲಾದಗಿ, ಲೋಕಾಪುರ, ಯರಗಟ್ಟಿ. ಕಬ್ಬು, ಜೋಳ, ದಾಳಿಂಬೆಯ ತೋಟ. ಕೊನೆಗೆ ಸವದತ್ತಿಯ ಬಳಿ ಮಲಪ್ರಭೆಯ ರೇಣುಕಾ ಸಾಗರ. ಕೃಷ್ಣೆ, ಘಟಪ್ರಭೆ, ಮಲಪ್ರಭೆ, ಮೂರು ನದಿಗಳ ದರ್ಶನ ಒಂದೇ ದಿನದಲ್ಲಿ. ಇದೂ ಪುಣ್ಯವೇ.

ಆದರೆ ನೋಡುವ ಕ್ರಮವೊಂದಿದೆ. ಹೊಡೆಯುವಾಗ ಹೊಡೆಯಬೇಕು, ನೋಡುವಾಗ ನಿಲ್ಲಬೇಕು. ಸೇತುವೆಯ ಮೇಲೆ ನಿಲ್ಲಬಾರದು, ಅಲ್ಲಿ ಹಿಂದಿನಿಂದ ಲಾರಿಗಳು ಬರುತ್ತವೆ. ಸೇತುವೆ ದಾಟಿ, ಡಾಂಬರಿನಿಂದ ಪೂರ್ತಿ ಕೆಳಗಿಳಿಸಿ, ಗಾಡಿ ಬಂದ್ ಮಾಡಿ, ಮನಸ್ಸು ತುಂಬ ನೋಡಬೇಕು. ಕೋಲ್ಹಾರದಲ್ಲಿ ಗಡಿಗೆ ಮೊಸರು ಹೆಸರುವಾಸಿ. ಅಲ್ಲಿ ನಿಂತು ರೊಟ್ಟಿ ಮೊಸರು ಉಂಡು ಹೊರಟರೆ ಹೊಟ್ಟೆಯೂ ತಣ್ಣಗೆ, ತಲೆಯೂ ತಣ್ಣಗೆ. ಗಂಟೆಗೊಮ್ಮೆ ಇಳಿದು ಹತ್ತು ನಿಮಿಷ ಕೈಕಾಲು ಆಡಿಸಿ ನೀರು ಕುಡಿಯಬೇಕು. ಬೇಸಿಗೆಯಲ್ಲಂತೂ ಇದು ಕಡ್ಡಾಯ. ನಮ್ಮ ಸೀಮೆಯ ಏಪ್ರಿಲ್, ಮೇ ಬಿಸಿಲು 40 ಡಿಗ್ರಿ ದಾಟುತ್ತದೆ. ನೀರಿಲ್ಲದೆ ತಲೆ ತಿರುಗಿದವನಿಗೆ ದಾರಿಯೂ ತಿರುಗಿದಂತೆ ಕಾಣುತ್ತದೆ.

ಈ ದಾರಿಯಲ್ಲಿ ಲಕ್ಷ್ಯ ಎಲ್ಲೆಲ್ಲಿ ಬೇಕು

ದೊಡ್ಡ ಸೇತುವೆಗಳ ಮೇಲೆ ಅಡ್ಡಗಾಳಿ ಇರುತ್ತದೆ. ಲಾರಿಯ ಮರೆಯಿಂದ ಹೊರಬರುತ್ತಲೇ ಗಾಳಿ ಬೈಕನ್ನು ಪಕ್ಕಕ್ಕೆ ತಳ್ಳುತ್ತದೆ. ಹ್ಯಾಂಡಲನ್ನು ಬಿಗಿಯಾಗಿ ಅಲ್ಲ, ಗಟ್ಟಿಯಾಗಿ ಹಿಡಿದು ವೇಗ ಇಳಿಸಬೇಕು.

ಎರಿ ಭೂಮಿಯ ಸೀಮೆ ಇದು. ಮಳೆ ಬಿದ್ದಾಗ ಟ್ರ್ಯಾಕ್ಟರ್ ಗಾಲಿಗೆ ಹತ್ತಿದ ಎರಿಮಣ್ಣು ರಸ್ತೆಗೆ ಬಂದು ಎಣ್ಣೆ ಬಳಿದಂತಾಗುತ್ತದೆ. ಮೊದಲ ಮಳೆಯ ಹತ್ತು ನಿಮಿಷ ಎಲ್ಲಕ್ಕಿಂತ ಕೆಟ್ಟದ್ದು. ಅಂಥ ಕಡೆ ಒಮ್ಮೆಲೇ ಬ್ರೇಕ್ ಹಿಡಿಯುವುದು, ಒಮ್ಮೆಲೇ ತಿರುಗಿಸುವುದು ಎರಡೂ ಸಲ್ಲ.

ಸುಗ್ಗಿಯ ದಿನಗಳಲ್ಲಿ ರೈತರು ತೊಗರಿ, ಸಜ್ಜೆ, ಜೋಳದ ತೆನೆಗಳನ್ನು ರಸ್ತೆಯ ಮೇಲೇ ಹಾಕಿ ಒಕ್ಕಲು ಮಾಡುತ್ತಾರೆ. ಅದರ ಮೇಲೆ ಗಾಲಿ ಹತ್ತಿದರೆ ಮರಳಿನ ಮೇಲೆ ಹತ್ತಿದಂತೆ ಜಾರುತ್ತದೆ. ರೈತ ಬಾಂಧವರೂ ಇದನ್ನು ಯೋಚಿಸಬೇಕು. ತಮ್ಮ ಮನೆಯ ಮಗನೂ ಅದೇ ದಾರಿಯಲ್ಲಿ ಬರುತ್ತಾನಲ್ಲವೇ?

ಹೊಸ್ತಿಲ ಹುಣ್ಣಿಮೆ, ಬನದ ಹುಣ್ಣಿಮೆಯ ಹೊತ್ತಿಗೆ ಕಬ್ಬಿನ ಹಂಗಾಮು ನಡೆದಿರುತ್ತದೆ. ಎರಡೆರಡು ಟ್ರೇಲರ್ ಎಳೆಯುವ ಟ್ರ್ಯಾಕ್ಟರುಗಳು ಹಗಲೂ ರಾತ್ರಿಯೂ ಸಕ್ಕರೆ ಕಾರ್ಖಾನೆಯ ಕಡೆ ಸಾಗುತ್ತವೆ. ಎಷ್ಟೋ ಟ್ರೇಲರುಗಳ ಹಿಂದೆ ಕೆಂಪು ದೀಪವಾಗಲಿ, ಹೊಳೆಯುವ ಪಟ್ಟಿಯಾಗಲಿ ಇರುವುದಿಲ್ಲ. ಹಿಂದಿನವರ ಚಕ್ಕಡಿಗೆ ಇದ್ದ ಕಂದೀಲು ಇಂದಿನ ಟ್ರೇಲರಿಗೆ ಇಲ್ಲವೆಂದರೆ ಏನು ಹೇಳುವುದು! ಆದ್ದರಿಂದ ರಾತ್ರಿ ಪ್ರಯಾಣವನ್ನೇ ಬಿಡುವುದು ಒಳ್ಳೆಯದು. ಹೊತ್ತು ಮೀರಿದರೆ ಗುಡ್ಡದಲ್ಲೇ ತಂಗಿ ಬೆಳಕು ಹರಿದ ಮೇಲೆ ಹೊರಡಬೇಕು. ಚಳಿಗಾಲದ ನಸುಕಿನಲ್ಲಿ ನದಿಯ ಮೇಲೆ ಮಂಜು ಕವಿದಿದ್ದರೆ ಬಿಸಿಲು ಬರುವ ತನಕ ಕಾಯಬೇಕು.

ಇನ್ನು ಭಂಡಾರ. ತಾಯಿಯ ಭಂಡಾರ ಹಣೆಗೆ ಶೋಭೆ. ಓಡುವ ಬೈಕಿನ ಮೇಲೆ ಕೂತು ಭಂಡಾರ ತೂರುತ್ತ ಹೋದರೆ ಅದು ಹಿಂದೆ ಬರುವವನ ಕಣ್ಣಿಗೆ ಬೀಳುತ್ತದೆ. ಅದು ಭಕ್ತಿಯಲ್ಲ.

ಗುಡ್ಡ ಹತ್ತುವಾಗ ಯಾವ ಗೇರಿನಲ್ಲಿ ಹತ್ತಿದ್ದೀರೋ ಇಳಿಯುವಾಗಲೂ ಅದೇ ಗೇರಿನಲ್ಲಿ ಇಳಿಯಬೇಕು. ಪೆಟ್ರೋಲ್ ಉಳಿಯುತ್ತದೆಂದು ನ್ಯೂಟ್ರಲ್ ಮಾಡಿ ಇಳಿಜಾರಿನಲ್ಲಿ ಬಿಡುವುದು ಅಪಾಯ. ಆಗ ಇಡೀ ಭಾರ ಬ್ರೇಕಿನ ಮೇಲೆ ಬಿದ್ದು ಬ್ರೇಕ್ ಕಾದು ಹಿಡಿಯದಂತಾಗಬಹುದು. ಜಾತ್ರೆಯ ದಿನ ಕಾಲ್ನಡಿಗೆಯ ಭಕ್ತರು, ದೀಡ ನಮಸ್ಕಾರ ಹಾಕುವವರು, ಮಕ್ಕಳು, ಮುದುಕರು ದಾರಿಯಲ್ಲೇ ಇರುತ್ತಾರೆ. ಅವರ ನಡುವೆ ಹಾರ್ನ್ ಬಾರಿಸುತ್ತ ನುಗ್ಗುವವನು ತಾಯಿಯ ಅಂಗಳದಲ್ಲೇ ತಾಯಿಯ ಮಕ್ಕಳನ್ನು ಹೆದರಿಸಿದಂತೆ.

ಎರಡನೆಯದು: ಶಿರಸ್ಸು

ನೀರಿಲ್ಲದೆ ಬಂದ ರೇಣುಕೆಯ ಮೇಲೆ ಜಮದಗ್ನಿಗಳು ಕೋಪಗೊಂಡು ತಾಯಿಯ ತಲೆ ಕಡಿಯಲು ಮಕ್ಕಳಿಗೆ ಆಜ್ಞೆ ಮಾಡಿದರು. ಪರಶುರಾಮ ಆಜ್ಞೆ ಪಾಲಿಸಿದ. ತಂದೆ ಮೆಚ್ಚಿ ವರ ಬೇಡೆಂದಾಗ ತಾಯಿಯ ಜೀವವನ್ನೇ ಬೇಡಿದ, ತಾಯಿ ಎದ್ದು ಬಂದಳು. ಆದರೆ ಅದು ಋಷಿಯ ವರ. ಇಂದು ರಸ್ತೆಯ ಮೇಲೆ ಒಡೆದ ತಲೆಯನ್ನು ಜೋಡಿಸಿ ಕೊಡುವ ಜಮದಗ್ನಿ ಯಾವ ಆಸ್ಪತ್ರೆಯಲ್ಲಿಯೂ ಇಲ್ಲ.

ಕೇಂದ್ರ ಸರಕಾರದ ಲೆಕ್ಕದ ಪ್ರಕಾರ 2022ರಲ್ಲಿ ಭಾರತದ ರಸ್ತೆಗಳಲ್ಲಿ 1,68,491 ಜನ ಸತ್ತರು. ಅವರಲ್ಲಿ ನೂರಕ್ಕೆ 44ಕ್ಕಿಂತ ಹೆಚ್ಚು ಜನ ದ್ವಿಚಕ್ರ ವಾಹನದವರು. ಹೆಲ್ಮೆಟ್ ಇಲ್ಲದೆ ಸತ್ತವರು 50,029. ಇದರಲ್ಲಿ ಹಿಂದೆ ಕೂತವರೇ 14 ಸಾವಿರಕ್ಕೂ ಮಿಕ್ಕಿ. ಹೆಲ್ಮೆಟ್ ಹಾಕಿದರೆ ಸಾಯುವ ಅಪಾಯ ನೂರಕ್ಕೆ ನಲವತ್ತರಷ್ಟು, ತಲೆಗೆ ಪೆಟ್ಟಾಗುವ ಅಪಾಯ ನೂರಕ್ಕೆ ಎಪ್ಪತ್ತರ ಹತ್ತಿರ ಕಡಿಮೆಯಾಗುತ್ತದೆಂದು ವೈದ್ಯರು ಅಧ್ಯಯನ ಮಾಡಿ ಹೇಳಿದ್ದಾರೆ.

ಕೆಲವು ಭಕ್ತರು ಹೀಗೂ ಅನ್ನುತ್ತಾರೆ: "ತಾಯಿ ಹೆಸರ ತಗೊಂಡು ಹೊಂಟೀವಿ, ಆಕಿ ಕಾಯ್ತಾಳ. ಹೆಲ್ಮೆಟ್ ಯಾತಕ್ಕ?" ತಾಯಿ ಕಾಯುವುದು ನಿಜ. ಹೇಗೆ ಕಾಯುತ್ತಾಳೆ? ನೋಡಲು ಕಣ್ಣು ಕೊಟ್ಟು, ಹಿಡಿಯಲು ಕೈ ಕೊಟ್ಟು, ಯೋಚಿಸಲು ಬುದ್ಧಿ ಕೊಟ್ಟು ಕಾಯುತ್ತಾಳೆ. ಹರಕೆ ಹೊತ್ತವನೆಂದು ಬೆಂಕಿ ಸುಡದೆ ಬಿಡುವುದಿಲ್ಲ, ಬಾವಿ ಮುಳುಗಿಸದೆ ಬಿಡುವುದಿಲ್ಲ. ಬಸವಣ್ಣನವರ ನಾಡು ಬಾಗೇವಾಡಿ. ಶರಣರು ಈ ಶರೀರವನ್ನೇ ಗುಡಿಯೆಂದು ಕಂಡರು. ಶರೀರ ಗುಡಿಯಾದರೆ ತಲೆ ಅದರ ಕಳಸ. ಕಳಸವಿಲ್ಲದ ಗುಡಿ ಉಂಟೇ? ಕಳಸವನ್ನು ರಕ್ಷಿಸದ ಭಕ್ತಿ ಉಂಟೇ?

ಹೆಲ್ಮೆಟ್ ಅಂದರೆ ಐಎಸ್ಐ ಗುರುತು ಇರುವಂಥದ್ದು. ಗದ್ದದ ಬೆಲ್ಟ್ ಹಾಕಿರಲೇಬೇಕು. ಬೆಲ್ಟ್ ಹಾಕದ ಹೆಲ್ಮೆಟ್ ಬೀಳುವಾಗ ತಲೆಗಿಂತ ಮೊದಲೇ ಹಾರಿಹೋಗುತ್ತದೆ. ಕನ್ನಡಿಗೆ ತೂಗುಹಾಕಿದ ಹೆಲ್ಮೆಟ್ ಕನ್ನಡಿಯನ್ನು ಮಾತ್ರ ಕಾಯುತ್ತದೆ. ಕರ್ನಾಟಕದಲ್ಲಿ 2016ರಿಂದ ಹಿಂದೆ ಕೂತವರಿಗೂ ಹೆಲ್ಮೆಟ್ ಕಡ್ಡಾಯ. ನಾಲ್ಕು ವರ್ಷದೊಳಗಿನ ಮಕ್ಕಳನ್ನು ಕರೆದೊಯ್ಯುವಾಗ ಮಗುವಿಗೆ ಹೆಲ್ಮೆಟ್, ಸವಾರನಿಗೆ ಕಟ್ಟುವ ಸುರಕ್ಷಾ ಪಟ್ಟಿ ಇರಬೇಕು, ವೇಗ ಗಂಟೆಗೆ 40 ಕಿಲೋಮೀಟರ್ ಮೀರಬಾರದು ಎಂಬ ನಿಯಮ 2023ರ ಫೆಬ್ರುವರಿಯಿಂದ ಜಾರಿಯಲ್ಲಿದೆ. ಒಂದು ಬೈಕಿಗೆ ಇಬ್ಬರೇ. ಗಂಡ, ಹೆಂಡತಿ, ಎರಡು ಮಕ್ಕಳು, ಮೇಲೆ ನೈವೇದ್ಯದ ಬುಟ್ಟಿ, ಇಷ್ಟೆಲ್ಲ ಹೇರಿದರೆ ಬ್ರೇಕ್ ಹಿಡಿದರೂ ಗಾಡಿ ನಿಲ್ಲುವುದಿಲ್ಲ. ಅಂಥವರು ಬಸ್ಸಿನಲ್ಲಿ ಬರುವುದೇ ಯೋಗ್ಯ. ಅಕ್ಕತಂಗಿಯರು ಸೆರಗು, ದುಪಟ್ಟಾವನ್ನು ಗಾಲಿಗೆ ಸಿಕ್ಕದಂತೆ ಸೊಂಟಕ್ಕೆ ಸಿಕ್ಕಿಸಿಕೊಂಡು ಕೂಡಬೇಕು.

ಒಂದು ದೃಷ್ಟಾಂತ

ಇದು ದೃಷ್ಟಾಂತ, ಹೆಸರು ಬೇಡ. ಯಾವ ಊರಿನಲ್ಲಿ ಬೇಕಾದರೂ ಇಟ್ಟು ಓದಬಹುದು.

ಒಬ್ಬ ಯುವಕ ಹೊಸ ಬೈಕ್ ಕೊಂಡ. ಮೊದಲ ಸವಾರಿ ತಾಯಿಯ ಗುಡ್ಡಕ್ಕೆ ಎಂದು ಹರಕೆ. ಜೊತೆಗೆ ಕಾಕಾನ ಮಗ ಹೊರಟ. ಅವನಿಗೆ ಮದುವೆಯಾಗಿ ವರ್ಷ ಕಳೆದಿರಲಿಲ್ಲ. ಬೈಕಿನ ಜೊತೆ ಒಂದು ಹೆಲ್ಮೆಟ್ ಬಂದಿತ್ತು. ಇನ್ನೊಂದು ಕೊಳ್ಳಬೇಕೆಂದು ಅಂಗಡಿಯವರೆಗೆ ಹೋದರು. ಬೆಲೆ ಕೇಳಿದರು. "ಒಂದ ದಿನದ ದಾರಿಗೆ ಯಾಕ ರೊಕ್ಕ ಹಾಳ ಮಾಡೋದು" ಎಂದು ಬಿಟ್ಟು ಬಂದರು. ಆ ದುಡ್ಡಿಗೆ ಬೈಕಿಗೆ ದೊಡ್ಡ ಹಾರ, ಟ್ಯಾಂಕಿಗೆ ಸ್ಟಿಕ್ಕರ್, ಒಂದು ಜೋರು ಹಾರ್ನ್ ಹಾಕಿಸಿದರು.

ಹೋಗುವಾಗ ಸುಖವಾಗಿ ಹೋದರು. ಜೋಗುಳಬಾವಿಯಲ್ಲಿ ಸ್ನಾನ, ತಾಯಿಯ ದರ್ಶನ, ಬೈಕಿಗೆ ಪೂಜೆ, ಎಲ್ಲವೂ ಆಯಿತು. ಬರುವಾಗ ಹೊತ್ತು ಮುಳುಗಿತು. ಹಿಂದೆ ಕೂತವನ ಮೊಬೈಲಿಗೆ ಮನೆಯಿಂದ ಹೆಂಡತಿಯ ಫೋನು. "ಅಡಗಿ ಆಗೇತಿ, ಎಲ್ಲಿ ಅದೀರಿ?" "ಬಂದೇ ಬಿಟ್ವಿ, ಇನ್ನೊಂದ ತಾಸು." ಕೊಟ್ಟ ಮಾತು ಉಳಿಸಲು ಬೈಕ್ ವೇಗ ಹೆಚ್ಚಿತು. ಎದುರಿನಿಂದ ಬಂದ ಲಾರಿಯ ಬೆಳಕು ಕಣ್ಣು ಕುಕ್ಕಿತು. ಆ ಬೆಳಕು ಸರಿದಾಗ ಮುಂದೆ ಹತ್ತೇ ಮಾರು ದೂರದಲ್ಲಿ ದೀಪವಿಲ್ಲದ ಕಬ್ಬಿನ ಟ್ರೇಲರ್ ಇತ್ತು.

ಹೊಡೆಯುತ್ತಿದ್ದವನ ಕೈ ಮುರಿಯಿತು, ಜೀವ ಉಳಿಯಿತು. ಹಿಂದೆ ಕೂತವನು ಅಲ್ಲೇ ಹೋದ. ಅವನ ಮೈಮೇಲೆ ಬೇರೆ ಗಾಯ ಹೆಚ್ಚಿರಲಿಲ್ಲ. ಪೆಟ್ಟು ತಲೆಗೆ ಮಾತ್ರ.

ತಿಂಗಳು ಕಳೆದ ಮೇಲೆ ಕೈಗೆ ಪಟ್ಟಿ ಕಟ್ಟಿಕೊಂಡಿದ್ದ ಯುವಕ ಚಿಗವ್ವನ ಕಾಲಿಗೆ ಬಿದ್ದು ಅತ್ತ. "ನನ್ನಿಂದ ತಪ್ಪಾತು ಚಿಗವ್ವ" ಎಂದ. ಆಕೆ ಅವನನ್ನು ಬೈಯಲಿಲ್ಲ, ಶಪಿಸಲಿಲ್ಲ. ತಲೆ ಸವರಿ ಹೇಳಿದಳು: "ನೀ ಉಳದದ್ದು ನನಗ ಸಂತೋಷ ಐತಿ ತಮ್ಮಾ. ನೀನೂ ನನ್ನ ಮಗನ. ಒಂದ ಮಾತ ಕೇಳ್ತೀನಿ, ಬ್ಯಾಸರ ಮಾಡ್ಕೋಬ್ಯಾಡ. ಆ ಇನ್ನೊಂದು ಹೆಲ್ಮೆಟ್ಟಿಗೆ ಎಷ್ಟ ರೊಕ್ಕ ಅಂದಿದ್ರು?"

ಅವನಿಗೆ ಬೆಲೆ ಗೊತ್ತಿತ್ತು. ಹೇಳಲು ಬಾಯಿ ಬರಲಿಲ್ಲ.

ಮೂರನೆಯದು: ಕಂಕಣ

ಕಾರ್ತವೀರ್ಯಾರ್ಜುನನು ಜಮದಗ್ನಿಗಳ ಆಶ್ರಮಕ್ಕೆ ಬಂದು ಕಾಮಧೇನುವಿಗೆ ಆಸೆಪಟ್ಟ ವೈರದಲ್ಲಿ ಋಷಿಗಳು ಹತರಾದರು. ರೇಣುಕೆಯ ಕಂಕಣ ಇಳಿಯಿತು. ಮುಂದೆ ಋಷಿಗಳು ಮರಳಿ ಜೀವ ತಳೆದು ತಾಯಿ ಮತ್ತೆ ಮುತ್ತೈದೆಯಾದಳು ಎಂಬುದು ನಂಬಿಕೆ. ಅದರಂತೆ ಹೊಸ್ತಿಲ ಹುಣ್ಣಿಮೆಗೆ ತಾಯಿಯ ಕಂಕಣ ಮಂಗಲವಾಗುತ್ತದೆ, ಭರತ ಹುಣ್ಣಿಮೆಗೆ ಮುತ್ತೈದೆತನ ಮರಳುತ್ತದೆ. ಆ ದಿನ ಗುಡ್ಡದ ಮೇಲೆ ಸಾವಿರಾರು ಹೆಣ್ಣುಮಕ್ಕಳು ಹೊಸ ಹಸಿರು ಬಳೆ ಇಟ್ಟುಕೊಂಡು ತಾಯಿಗೆ ಕೈ ಮುಗಿಯುತ್ತಾರೆ.

ತಾಯಿಗೆ ಎರಡೇ ತಿಂಗಳಲ್ಲಿ ಬಳೆ ತಿರುಗಿ ಬಂದವು. ಮೇಲಿನ ದೃಷ್ಟಾಂತದ ಆ ಹೆಣ್ಣುಮಗಳಿಗೆ ಯಾವ ಹುಣ್ಣಿಮೆಗೆ ಬರುತ್ತವೆ? ಬೈಕ್ ಏರುವ ಪ್ರತಿಯೊಬ್ಬನೂ ಕಿಲ್ಲಿ ತಿರುಗಿಸುವ ಮುಂಚೆ ಈ ಒಂದು ಪ್ರಶ್ನೆ ಕೇಳಿಕೊಳ್ಳಬೇಕು. ಅವನ ಕೈಯಲ್ಲಿರುವ ಹ್ಯಾಂಡಲಿಗೆ ಮನೆಯಲ್ಲಿರುವವಳ ಬಳೆಗಳು ಕಟ್ಟಿಕೊಂಡಿವೆ. ತಾಯಿಯ ಮಡಿಲು, ಮಕ್ಕಳ ಶಾಲೆ, ತಂದೆಯ ಮುಪ್ಪು, ಇವೂ ಅಲ್ಲೇ ಕಟ್ಟಿಕೊಂಡಿವೆ.

ಮನೆಯವರಿಗೂ ಒಂದು ಮಾತು. ದಾರಿಯಲ್ಲಿದ್ದವನಿಗೆ ಪದೇಪದೇ ಫೋನ್ ಮಾಡಬಾರದು. "ಲಗೂ ಬಾ" ಅನ್ನಬಾರದು. ನಮ್ಮ ಹಿರಿಯರು "ಸಾವಕಾಶ ಹೋಗಿ ಬಾ" ಎಂದು ಕಳಿಸುತ್ತಿದ್ದರು. ಅದೇ ಆಶೀರ್ವಾದ. ಕುಡಿದು ಗಾಡಿ ಮುಟ್ಟುವವನ ಕೈಯಿಂದ ಕಿಲ್ಲಿ ಕಸಿದುಕೊಳ್ಳುವ ಗೆಳೆಯನೇ ನಿಜವಾದ ಗೆಳೆಯ. ದರ್ಶನ ಮುಗಿಸಿ ದಾರಿಯ ಧಾಬಾದಲ್ಲಿ ಕುಡಿದವನಿಗೆ ದರ್ಶನದ ಫಲ ಎಲ್ಲಿಂದ ಬರಬೇಕು?

ಬಿದ್ದವರನ್ನು ಕಂಡಾಗ

ದಾರಿಯಲ್ಲಿ ಯಾರಾದರೂ ಬಿದ್ದದ್ದು ಕಂಡರೆ ಮೊಬೈಲಿನಲ್ಲಿ ಚಿತ್ರ ತೆಗೆಯುತ್ತ ನಿಲ್ಲುವುದು ಪಾಪ. 2016ರ ಫೆಬ್ರುವರಿಯಲ್ಲಿ ಗುಬ್ಬಿ ಕಡೆಯ ಹರೀಶ ಎಂಬ ಯುವಕ ಬೈಕಿನಲ್ಲಿ ಬೆಂಗಳೂರಿಗೆ ಮರಳುವಾಗ ನೆಲಮಂಗಲದ ಹತ್ತಿರ ಲಾರಿಗೆ ಸಿಕ್ಕ. ಆ ಸ್ಥಿತಿಯಲ್ಲಿಯೂ ತನ್ನ ಅಂಗಾಂಗಗಳನ್ನು ದಾನ ಮಾಡಿರೆಂದು ಬೇಡಿಕೊಂಡ. ಅವನ ಕಣ್ಣುಗಳು ದಾನವಾದವು. ಅದೇ ವರ್ಷದ ಮಾರ್ಚ್ ತಿಂಗಳಲ್ಲಿ ರಾಜ್ಯ ಸರಕಾರ ಅಪಘಾತಕ್ಕೆ ಸಿಕ್ಕವರ ಚಿಕಿತ್ಸೆಗಾಗಿ ಅವನ ಹೆಸರಿನಲ್ಲೇ ಸಾಂತ್ವನ ಯೋಜನೆ ಆರಂಭಿಸಿತು. ಸಾಯುವವನೇ ಪರರ ಚಿಂತೆ ಮಾಡಿದ ಮೇಲೆ ಬದುಕಿದವರು ಸುಮ್ಮನೆ ದಾಟಿ ಹೋಗಬಹುದೇ?

ಕೂಡಲೇ 108ಕ್ಕೆ ಇಲ್ಲವೇ 112ಕ್ಕೆ ಫೋನ್ ಮಾಡಬೇಕು. ರಾಷ್ಟ್ರೀಯ ಹೆದ್ದಾರಿಯಲ್ಲಿ 1033 ಕೂಡ ಇದೆ. ಬಿದ್ದವನನ್ನು ಎಳೆದಾಡಬಾರದು, ಕುತ್ತಿಗೆ ತಿರುಗಿಸಬಾರದು. ರಕ್ತ ಹರಿಯುವ ಕಡೆ ಸ್ವಚ್ಛ ಬಟ್ಟೆ ಒತ್ತಿ ಹಿಡಿಯಬೇಕು. ಎಚ್ಚರ ತಪ್ಪಿದವನ ಬಾಯಿಗೆ ನೀರು ಹಾಕಬಾರದು. ಹಿಂದಿನಿಂದ ಬರುವ ಗಾಡಿಗಳಿಗೆ ಒಬ್ಬರು ಕೈ ಮಾಡಿ ತಿಳಿಸಬೇಕು. ಪೊಲೀಸ್ ಕೇಸಿಗೆ ಸಿಕ್ಕಿಕೊಳ್ಳುತ್ತೇವೆಂಬ ಹೆದರಿಕೆ ಬೇಡ. 2019ರ ಮೋಟಾರು ವಾಹನ ತಿದ್ದುಪಡಿ ಕಾಯಿದೆಯಲ್ಲಿ ಸಹಾಯ ಮಾಡಿದವರಿಗೆ ರಕ್ಷಣೆ ಇದೆ, ಹೆಸರು ಹೇಳೆಂದು ಒತ್ತಾಯ ಮಾಡುವಂತಿಲ್ಲ. ಆಸ್ಪತ್ರೆಯ ದುಡ್ಡಿನ ಚಿಂತೆಗೂ ದಾರಿ ಇದೆ. 2025ರ ಮೇ ತಿಂಗಳಲ್ಲಿ ಜಾರಿಗೆ ಬಂದ ಕೇಂದ್ರದ ಯೋಜನೆಯಂತೆ ಗೊತ್ತುಪಡಿಸಿದ ಆಸ್ಪತ್ರೆಗಳಲ್ಲಿ 7 ದಿನಗಳವರೆಗೆ ಒಂದೂವರೆ ಲಕ್ಷ ರೂಪಾಯಿ ತನಕ ಕೈಯಿಂದ ಹಣ ಕಟ್ಟದೆ ಚಿಕಿತ್ಸೆ ಸಿಗುತ್ತದೆ.

ಹೊರಡುವ ಮುನ್ನ

ಮನೆಯಲ್ಲಿ ದೀಪ ಹಚ್ಚಿ ಕೈ ಮುಗಿದ ಮೇಲೆ ಬೈಕಿನ ದೀಪವನ್ನೂ ಹಚ್ಚಿ ನೋಡಬೇಕು. ಮುಂದಿನದು, ಹಿಂದಿನದು, ಬ್ರೇಕಿನದು, ಮೂರೂ. ಗಾಲಿಯ ಗಾಳಿ, ಟೈರಿನ ಹಲ್ಲು, ಚೈನು, ಎರಡೂ ಬ್ರೇಕು, ಕನ್ನಡಿ. ಸೈಡ್ ಸ್ಟ್ಯಾಂಡ್ ಮೇಲೆತ್ತಿದೆಯೇ ಎಂದು ನೋಡಬೇಕು. ಲೈಸೆನ್ಸ್, ವಿಮೆಯ ಕಾಗದ ಜೊತೆಗಿರಬೇಕು. ಕಾಲಿಗೆ ಚಪ್ಪಲಿಗಿಂತ ಬೂಟು ಮೇಲು. ಇಷ್ಟಕ್ಕೆ ಐದು ನಿಮಿಷ ಸಾಕು. ಇದನ್ನೂ ಪೂಜೆಯ ಒಂದು ಭಾಗವೆಂದು ತಿಳಿಯಬೇಕು.

ವೇಗ ಎರಡು ಪಟ್ಟಾದರೆ ಬ್ರೇಕ್ ಹಿಡಿದ ಮೇಲೆ ಗಾಡಿ ನಿಲ್ಲಲು ಬೇಕಾಗುವ ಜಾಗ ನಾಲ್ಕು ಪಟ್ಟಾಗುತ್ತದೆ. 40ರಲ್ಲಿ ನಿಂತ ಗಾಡಿ 80ರಲ್ಲಿ ನಿಲ್ಲುವುದಿಲ್ಲ. ಮುಳವಾಡದಿಂದ ಗುಡ್ಡಕ್ಕೆ ಎಷ್ಟೇ ಓಡಿಸಿದರೂ ಉಳಿಯುವುದು ಹೆಚ್ಚೆಂದರೆ ಒಂದು ತಾಸು. ಆ ತಾಸನ್ನು ಯಾರೂ ಕೂಡಿಟ್ಟು ಆಯುಷ್ಯಕ್ಕೆ ಸೇರಿಸಿಕೊಂಡವರಿಲ್ಲ.

ಭಕ್ತ ಬಾಂಧವರೇ, ತಾಯಿ ಎಲ್ಲಿಗೂ ಹೋಗುವುದಿಲ್ಲ. ಗುಡ್ಡ ಅಲ್ಲೇ ಇರುತ್ತದೆ. ಒಂದು ತಾಸು ತಡವಾಗಿ ಬಂದರೂ ಆಕೆ ಮುಖ ತಿರುಗಿಸುವುದಿಲ್ಲ. ಬರುವಾಗ ಕಾಯಿ, ಕರ್ಪೂರ, ಉಡಿ ತುಂಬುವ ಸಾಮಾನಿನ ಜೊತೆ ಎರಡು ಹೆಲ್ಮೆಟ್ ಇರಲಿ, ಒಂದು ತನಗೆ, ಒಂದು ಹಿಂದೆ ಕೂತವರಿಗೆ. ಹೋಗುವಾಗ ತಾಯಿಯ ಭಂಡಾರವನ್ನು ಜೋಪಾನವಾಗಿ ಮನೆಗೆ ಒಯ್ದು, ಬಾಗಿಲಲ್ಲಿ ಕಾದು ನಿಂತವರ ಹಣೆಗೆ ತಮ್ಮ ಕೈಯಿಂದಲೇ ಹಚ್ಚಿರಿ. ಅಲ್ಲಿಗೆ ಯಾತ್ರೆ ಪೂರ್ಣವಾಯಿತು.

ಉಧೋ ಉಧೋ ಯಲ್ಲಮ್ಮ ತಾಯಿ ಉಧೋ ಉಧೋ.

॥ ಸರ್ವೇ ಜನಾಃ ಸುಖಿನೋ ಭವಂತು ॥